ತಿಕೀಟಿನ ಮೇಲಿನ ಗಂಡ

ಪಕ್ಕದ ಮನೆಯ ಇಂದ್ರವ್ವನಿಗೆ ಗಂಡನ ಪತ್ರ ಬಂದ ದಿನದಿಂದ ಪದ್ಮವ್ವನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಇಂದ್ರವ್ವನ ಗಂಡ ಮಾಯಪ್ಪ ಮೇಲವಂಕಿಯಿಂದ ಹುಕ್ಕೇರಿ ಕಡೆ ಕಲ್ಲಿನ ಕೆಲಸಕ್ಕೆ ಹೋದವನು. ಅವನು ಹಾಕಿದ ಲಕೋಟೆಯ ಅಂಚೆಚೀಟಿಯಲ್ಲಿ ನಾಲ್ವರು ಆಳುಗಳು ದೊಡ್ಡ ಬಂಡೆಯೊಂದನ್ನು ಹೊರಳಿಸುತ್ತಿದ್ದರು. ಪತ್ರ ಓದಿಸುವ ಮೊದಲೇ ಇಂದ್ರವ್ವ ಓಣಿಯ ತುಂಬ ಸುದ್ದಿ ಹಬ್ಬಿಸಿದಳು.

"ಮೊದಲ ತಿಕೀಟದ ಮ್ಯಾಲ ರಾಜನ ಮಾರಿ ಇರ್ತಿತ್ತು. ಈಗ ನಮ್ಮ ಮನಿಯವರನ್ನ ಹಾಕ್ಯಾರ ನೋಡ್ರೆವ್ವಾ! ಈ ಬೆನ್ನ ನನಗ ಗುರ್ತ ಸಿಗೂದಿಲ್ಲೇನ?"

ಪದ್ಮವ್ವನ ಗಂಡ ಸತ್ತೆಪ್ಪನೂ ಮಾಯಪ್ಪನ ಜೋಡಿ ದುಡಿದವನೇ. ಹೋದ ಶ್ರಾವಣದಲ್ಲಿ ಜ್ವರ ಬಂದು ಶಿವನ ಪಾದ ಸೇರಿದ್ದ. ಅವನದೊಂದು ಫೋಟೋ ಸಹ ಇರಲಿಲ್ಲ. ಕಣ್ಣು ಮುಚ್ಚಿದರೆ ಕಾಣುವ ಮುಖವೂ ದಿನದಿನಕ್ಕೆ ಮಸುಕಾಗುತ್ತಿತ್ತು. ಇಂದ್ರವ್ವನಿಗೋ, ಬದುಕಿರುವ ಗಂಡ ಸಾಲದೆಂದು ಚಿತ್ರದಲ್ಲಿ ಮತ್ತೊಬ್ಬ! ಅವಳು ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಏರಿಸುವುದನ್ನು ಕಂಡ ಮೇಲೆ ಪದ್ಮವ್ವ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದಳು.

ಸಂತೆಗೆಂದು ಮೂಡಲಗಿಗೆ ಹೋದಾಗ ಟಪಾಲು ಕಚೇರಿಯ ನಬಿಸಾಬನನ್ನು ಕೇಳಿಯೇಬಿಟ್ಟಳು.

"ಕಾಕಾ, ಆ ಕಲ್ಲ ಹೊರಳಿಸೋ ತಿಕೀಟದಾಗ ಇರಾವ್ರು ಯಾರ್ರಿ?"

"ಯಾರೂ ಅಲ್ಲವಾ. ದುಡಿಯೋ ಮಂದಿಗೆ ಮರ್ಯಾದಿ ಮಾಡಾಕ ಸರಕಾರದವರು ಹಾಕಿದ್ದು. ಮದ್ರಾಸದಾಗ ಸಮುದ್ರದ ದಂಡಿಗೆ ಇಂಥಾ ಮೂರ್ತಿ ಐತಿ. ಅದರ ಚಿತ್ರ ಅದು."

ಪದ್ಮವ್ವನಿಗೆ ಹಾಲು ಕುಡಿದಷ್ಟು ಸುಖವಾಯಿತು. ಇಂದ್ರವ್ವನ ಮುಖ ಹೇಗೆ ಬಾಡೀತೆಂದು ನೆನೆಯುತ್ತ ದಾರಿ ಸವೆಸಿದಳು. ಬುಟ್ಟಿಯನ್ನು ತನ್ನ ಮನೆಯಲ್ಲಿ ಇಳಿಸದೆ ನೆಟ್ಟಗೆ ಇಂದ್ರವ್ವನ ಹೊಸ್ತಿಲಿಗೇ ಹೋದಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಇಂದ್ರವ್ವನೇ ಕರೆದಳು. "ಬಾ ಯಕ್ಕಾ, ನಿನಗ ಹೇಳಬೇಕಂತಿದ್ದೆ. ತಿಕೀಟದಾಗ ನಮ್ಮವರ ಬಾಜೂಕ ತಲಿ ಬಗ್ಗಿಸಿ ನಿಂತಾರಲ್ಲ, ಅವರು ನಿಮ್ಮ ಮನಿಯವರು ಹೌದಲ್ಲೋ? ದಿನಾ ಅವರಿಗೂ ಒಂದ ಬೊಟ್ಟ ಕುಂಕುಮ ಹಚ್ಚತೇನಿ."

ಪದ್ಮವ್ವ ಒಳಗೆ ಬಂದು ಜಗಲಿಯ ಮೇಲಿನ ಚೀಟಿಯನ್ನು ಬಗ್ಗಿ ನೋಡಿದಳು. ಉಗುರಿನಷ್ಟು ಆಳು, ಬಾಗಿದ ಹೆಗಲು, ಅದರ ಮೇಲೆ ಇನ್ನೊಬ್ಬಳ ಕೈಯ ಕುಂಕುಮ. ಮದ್ರಾಸು, ಸಮುದ್ರ, ಮೂರ್ತಿ ಎಲ್ಲ ಎಲ್ಲಿ ಹೋದವೋ ಶಿವನೇ ಬಲ್ಲ.

"ನನ್ನ ಗಂಡಗ ಕುಂಕುಮ ಹಚ್ಚಾಕ ನೀ ಯಾರ? ನಾ ಇನ್ನಾ ಸತ್ತಿಲ್ಲ!"

"ಅಯ್ಯ, ಇದೇನ ಬಂತವಾ! ಪುಣ್ಯಾ ಬರ್ಲಿ ಅಂತ ಹಚ್ಚಿದ್ನಿ."

"ನಿನ್ನ ಪುಣ್ಯಾ ನಿನ್ನ ಗಂಡಗ ಇರಲಿ. ನಮ್ಮವರನ್ನ ಮುಟ್ಟಬ್ಯಾಡ."

ಮರುದಿನ ಇಂದ್ರವ್ವ ಅಂಗಳಕ್ಕೆ ನೀರು ಹಾಕಲು ಕದ ತೆಗೆದಾಗ, ಪದ್ಮವ್ವ ಮಿಂದು ಒದ್ದೆ ಸೀರೆಯಲ್ಲಿ ವಿಭೂತಿ ಹಿಡಿದು ನಿಂತಿದ್ದಳು.

"ಬಾಜೂಕ ಸರಿ," ಎಂದು ಒಳಗೆ ಬಂದು ಜಗಲಿಯ ಮುಂದೆ ಕುಳಿತಳು. ಸೆರಗಿನ ತುದಿಯಿಂದ ಆ ಒಬ್ಬನ ಮೇಲಿನ ಕುಂಕುಮವನ್ನಷ್ಟೇ ಮೆಲ್ಲಗೆ ಒರೆಸತೊಡಗಿದಳು.