ರಹಿತ, ಸಹಿತ

ಅಂಗಡಿಯಲ್ಲಿ ನನ್ನನ್ನು ಎಲ್ಲರೂ ಪಂಡಿತೆ ಎನ್ನುತ್ತಾರೆ. ಯಾರೋ ‘ಹಾಲಿನ ಪುಡಿ’ಯನ್ನು ‘ಆಲಿನ ಪುಡಿ’ ಮಾಡಿದ್ದನ್ನು ಹಿಡಿದ ದಿನ ಬಿದ್ದ ಹೆಸರು. ಹೊರದೇಶದ ಮಾಲಿಗೆ ನಮ್ಮ ಭಾಷೆಯ ಲೇಬಲ್ ಅಂಟಿಸುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಪ್ರಿಂಟರ್, ಉಗುರು ಬಿಡದ ಅಂಟು. ಆರು ವರ್ಷದಲ್ಲಿ ಒಂದಕ್ಷರ ತಪ್ಪಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆಲ್ಕೋಹಾಲ್ ಇಲ್ಲದ ಬಿಯರ್ ನಮ್ಮಲ್ಲಿ ಜ್ಯೂಸಿನ ಪಕ್ಕದಲ್ಲೇ ಕೂರುತ್ತದೆ; ಮ್ಯಾನೇಜರಿನ ಬುದ್ಧಿವಂತಿಕೆ. ಅದರಲ್ಲಿ ದಿನಕ್ಕೊಂದು ಟಿನ್ ಅಣ್ಣನಿಗೆ ಒಯ್ಯುತ್ತಿದ್ದೆ. ಅಣ್ಣ ಬಸ್ ಡ್ರೈವರ್. ಕುಡಿದು ಕುಡಿದು ಕೆಲಸ ಕಳೆದುಕೊಂಡು, ಅವರಿವರ ಕೈಕಾಲು ಹಿಡಿದು ಮರಳಿ ಸೇರಿದವನು. ಷರತ್ತು ಒಂದೇ. ಪ್ರತಿ ಡ್ಯೂಟಿಗೂ ಮುಂಚೆ ಡಿಪೋದಲ್ಲಿ ಯಂತ್ರಕ್ಕೆ ಊದಬೇಕು; ಒಂದು ಸಲ ಕೆಂಪು ದೀಪ ಹತ್ತಿತೋ, ಇನ್ನೆಂದೂ ಸ್ಟೇರಿಂಗ್ ಮುಟ್ಟುವಂತಿಲ್ಲ. ಹನ್ನೊಂದು ತಿಂಗಳಿಂದ ಹಸಿರೇ ಹತ್ತಿತ್ತು. “ಕಹಿ ಬಾಯಿಗೆ ಬೇಕು ಕಣೇ, ತಲೆಗೆ ಬೇಡ” ಎನ್ನುತ್ತಾ ಊಟದ ಜೊತೆ ಆ ಟಿನ್ ಮುಗಿಸಿ ಎರಡು ಗಂಟೆಯ ಡ್ಯೂಟಿಗೆ ಹೋಗುತ್ತಿದ್ದ. ಅಮ್ಮ ರಾತ್ರಿ ನಿದ್ದೆ ಮಾಡುವುದನ್ನು ಮತ್ತೆ ಕಲಿತಿದ್ದಳು.

ನಿನ್ನೆ ಸಂಜೆ ಹೊಸ ಮಾಲು ಬಂತು. ಅದೇ ಹಸಿರು ಟಿನ್, ಅದೇ ಜಿಂಕೆಯ ಚಿತ್ರ, ನಮಗ್ಯಾರಿಗೂ ಓದಲು ಬಾರದ ಅದೇ ಲಿಪಿ. ಪೆಟ್ಟಿಗೆಯ ಮೇಲೆ ಕೈಬರಹದ ಒಂದು ಚೀಟಿ. ‘ಮದ್ಯರಹಿತ’ ಎಂದು ಓದಿದೆ, ಹಾಗೆಯೇ ಲೇಬಲ್ ಅಚ್ಚು ಹಾಕಿ ಅಂಟಿಸಿದೆ, ಪುಸ್ತಕದಲ್ಲಿ ಸಹಿ ಮಾಡಿದೆ. ಒಂದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.

ಇವತ್ತು ಮಧ್ಯಾಹ್ನ ಒಂದೂವರೆಗೆ ಯಾರೋ ಅಜ್ಜಿ ಅರ್ಧ ಕುಡಿದ ಟಿನ್ ಹಿಡಿದು ಬಂದರು. ಕೆನ್ನೆ ಕೆಂಪಾಗಿತ್ತು.

“ಜ್ಯೂಸ್ ಅಂತ ತಗೊಂಡೆ ಮಗಳೇ, ಮೆಟ್ಟಿಲು ಎರಡೆರಡು ಕಾಣ್ತಿವೆ. ನನ್ನ ಕಣ್ಣಿಗೆ ವಯಸ್ಸಾಯ್ತೋ, ನಿಮ್ಮ ಜ್ಯೂಸಿಗೆ ವಯಸ್ಸು ಬಂತೋ?”

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಕಾಲು ಮಾತ್ರ ಆಗಲೇ ಹಿಂದಿನ ಕೋಣೆಯತ್ತ ಓಡುತ್ತಿತ್ತು. ಪೆಟ್ಟಿಗೆಯ ಚೀಟಿಯನ್ನು ಬೆಳಕಿಗೆ ಹಿಡಿದೆ. ಅವಸರದ ಬರಹದಲ್ಲಿ ‘ರ’ ಮತ್ತು ‘ಸ’ ಅವಳಿ ಮಕ್ಕಳಿದ್ದ ಹಾಗೆ. ನಾನು ‘ರ’ ಎಂದುಕೊಂಡಿದ್ದರ ಕೆಳಗೆ ಸಣ್ಣದೊಂದು ಸೀಳಿತ್ತು. ಮದ್ಯಸಹಿತ. ಒಂದು ಲೇಬಲ್ ಕಿತ್ತು ನೋಡಿದೆ. ಅಡಿಯಲ್ಲಿ ಐದು ಎಂಬ ಅಂಕಿ, ಪಕ್ಕದಲ್ಲಿ ಶೇಕಡಾ ಗುರುತು.

ಮ್ಯಾನೇಜರ್ ಅಜ್ಜಿಯ ಟಿನ್ ಇಸಿದುಕೊಂಡು, ಎರಡು ಜ್ಯೂಸ್ ಕೊಟ್ಟು ಸಾಗಹಾಕಿ, ಒಳಗೆ ಬಂದು ಬಾಗಿಲು ಹಾಕಿದರು. ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

“ಎಷ್ಟು ಹೊರಗೆ ಹೋಗಿವೆ?”

“ಅಜ್ಜೀದು ಒಂದು. ನಮ್ಮನೇಲಿ ಒಂದು, ಸಾರ್.”

“ಹಾಗಾದ್ರೆ ಏನೂ ಆಗಿಲ್ಲ. ಎಲ್ಲಾ ಲೇಬಲ್ ಕೀಳು. ನಿನ್ನ ಹೊಟ್ಟೆಪಾಡು ಉಳಿಸ್ತಾ ಇದೀನಿ, ನೆನಪಿರಲಿ.”

ಚೀಟಿ, ಲೇಬಲ್ಲುಗಳು, ಪುಸ್ತಕದಲ್ಲಿ ನನ್ನ ಸಹಿಯಿದ್ದ ಹಾಳೆ, ಎಲ್ಲವನ್ನೂ ಅವರೇ ಕಾಗದ ಹರಿಯುವ ಯಂತ್ರಕ್ಕೆ ಉಣಿಸಿದರು. ಅದು ಗರಗರ ಎಂದು ಅಗಿಯಿತು. ನಾನು ಅಣ್ಣನಿಗೆ ಫೋನ್ ಮಾಡಿದೆ. ಆಫ್. ಅಮ್ಮನಿಗೆ ಮಾಡಿದೆ.

“ಈಗ ತಾನೇ ಹೋದ್ನಲ್ಲ. ಇವತ್ತು ರುಚಿ ಒಂಥರಾ ಇದೆ ಅಂದ. ಆಮೇಲೆ ಲೇಬಲ್ ನೋಡಿ, ‘ಪಂಡಿತೆ ಬರೆದ ಮೇಲೆ ಮುಗೀತು’ ಅಂತ ನಕ್ಕೊಂಡು ಪೂರ್ತಿ ಕುಡಿದ. ಯಾಕೆ ಮಗಳೇ?”

ಎದುರಿಗೆ ಮ್ಯಾನೇಜರ್, ಮನೆಯದನ್ನೂ ಎನ್ನುವಂತೆ, ಬೆರಳಲ್ಲಿ ಕೀಳುವ ಸನ್ನೆ ಮಾಡುತ್ತಿದ್ದರು. ಆಗಲೇ ನಾನು ಡಿಪೋಗೆ ಓಡಬೇಕಿತ್ತು. ಹತ್ತು ನಿಮಿಷದ ದಾರಿ. ಓಡಲಿಲ್ಲ. ಒಂದು ಟಿನ್ ಏನು ಮಹಾ, ಊಟ ಬೇರೆ ಆಗಿದೆ, ಯಂತ್ರಕ್ಕೆ ಗೊತ್ತಾಗಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗಿದ್ದದ್ದು ನನ್ನ ಕೆಲಸದ ಭಯ, ಅಣ್ಣನದಲ್ಲ.

“ಏನಿಲ್ಲಮ್ಮ. ಆ ಟಿನ್ ಮೇಲಿನ ಲೇಬಲ್ ಕಿತ್ತು ಸುಟ್ಟುಬಿಡು. ಈಗಲೇ.”

ಅಮ್ಮನಿಗೆ ಓದಿದ ಮಗಳ ಮಾತು ವೇದವಾಕ್ಯ. ಫೋನ್ ಕೆಳಗಿಡದೆಯೇ ಹೋದಳು. ಗ್ಯಾಸ್ ಒಲೆ ಭುಗ್ ಎಂದು ಹತ್ತಿದ ಸದ್ದು ನನಗೆ ಕೇಳಿಸಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿ ನಾನೇ.

ಎರಡು ಗಂಟೆ ದಾಟಿ ಹತ್ತು ನಿಮಿಷಕ್ಕೆ ಡಿಪೋದ ಸಾಹೇಬರು ಫೋನ್ ಮಾಡಿದರು.

“ನಿಮ್ಮಣ್ಣ ಊದಿದ್ದಕ್ಕೆ ಕೆಂಪು ಬಂದಿದೆ. ಎರಡು ಸಲ ಊದಿಸಿದ್ದೀವಿ. ಆಲ್ಕೋಹಾಲ್ ಇಲ್ಲ ಅಂತ ನಿಮ್ಮಂಗಡಿ ಲೇಬಲ್ ಇತ್ತು ಅಂತಾನೆ. ಹೌದೇನಮ್ಮಾ?”

ಮ್ಯಾನೇಜರ್ ನನ್ನನ್ನೇ ದಿಟ್ಟಿಸುತ್ತಿದ್ದರು. ಇನ್ನು ಹೆದರಿ ಏನು ಉಳಿಸಿಕೊಳ್ಳಲಿ?

“ಹೌದು ಸಾರ್. ತಪ್ಪು ಲೇಬಲ್ ಅಂಟಿಸಿದ್ದು ನಾನೇ. ಅವನದೇನೂ ತಪ್ಪಿಲ್ಲ.”

“ಎಲ್ಲಾ ಕುಡುಕರ ತಂಗೀರೂ ಹೀಗೇ ಹೇಳ್ತಾರಮ್ಮ. ಮ್ಯಾನೇಜರಿಗೆ ಕೊಡಿ.”

ಕೊಟ್ಟೆ. ಮ್ಯಾನೇಜರಿನ ದನಿ ಬೆಣ್ಣೆಯಾಗಿತ್ತು. “ಪಾಪ, ಅಣ್ಣನ ಮೇಲೆ ಪ್ರಾಣ ಸಾರ್ ಅವಳಿಗೆ. ಅಂಥ ಲೇಬಲ್ ನಮ್ಮಲ್ಲಿ ಒಂದೂ ಇಲ್ಲ. ಬೇಕಾದ್ರೆ ಬಂದು ನೋಡಿ.”

ಫೋನ್ ಮರಳಿ ನನ್ನ ಕೈಗೆ ಬಂತು. ಆ ಕಡೆ ಈಗ ಅಣ್ಣ ಇದ್ದ. ಅವನ ದನಿಯಲ್ಲಿ ಚೂರೂ ಗಾಬರಿಯಿರಲಿಲ್ಲ.

“ಏ ಪಂಡಿತೆ, ಅಳಬೇಡ ಕಣೇ. ಸಾಹೇಬರು ಒಂದು ಗಂಟೆ ಟೈಮ್ ಕೊಟ್ಟಿದ್ದಾರೆ. ಟಿನ್ ಮನೇಲೇ ಇದೆ, ಲೇಬಲ್ ಸಮೇತ. ಹೋಗಿ ತಗೊಂಡು ಬಂದು ತೋರಿಸಿಬಿಡು.”