ಸಿಪ್ಪೆ ತಿನ್ನುವ ಸೈನ್ಯ

ದರ್ಜಿ ಮಾವ ಹೊಸದಾಗಿ ಹೊಲಿದ ಬಿಳಿ ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಪಕ್ಕದ ಜ್ಯೂಸ್ ಅಂಗಡಿಗೆ ಬಂದರು. ಅಂಗಡಿಯ ತುಂಬ ಗಿರಾಕಿಗಳು. ಮಿಕ್ಸರ್ ಗರಗರ ತಿರುಗುತ್ತಿತ್ತು. ಮಾವನ ದನಿ ಅದಕ್ಕಿಂತ ಜೋರಾಗಿತ್ತು.

"ನೋಡಮ್ಮಾ, ಚೆನ್ನಾಗಿ ನೋಡು! ಗಿರಾಕಿ ನನಗೆ ಕೊಟ್ಟಿದ್ದು ಬಿಳಿ ಬಟ್ಟೆ. ಈ ಚುಕ್ಕಿ ಎಲ್ಲಾ ನಿನ್ನ ನೊಣಗಳು ಹಾಕಿದ ಕಸೂತಿ!"

ಜ್ಯೂಸ್ ಅಂಗಡಿಯ ಹೆಂಗಸು ತಲೆ ತಗ್ಗಿಸಿದಳು. ಅಂಗಡಿಯ ಮುಂದೆ ಬಣ್ಣಬಣ್ಣದ ಹಣ್ಣಿನ ಸಾಲು. ಹಿಂದೆ ಹಿತ್ತಲಲ್ಲಿ ಅದೇ ಹಣ್ಣಿನ ಸಿಪ್ಪೆ, ತಿರುಳು, ಬೀಜದ ಗುಡ್ಡೆ. ಕಸದ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿಸಿಲು ಏರಿದರೆ ಸಾಕು, ಹುಳಿ ನಾತ ಗೋಡೆ ಹಾರಿ ದರ್ಜಿ ಅಂಗಡಿ ಸೇರುತ್ತಿತ್ತು. ಅದರ ಬೆನ್ನಿಗೇ ನೊಣಗಳ ದಂಡು.

ಹಾಗಂತ ಇವರು ಹುಟ್ಟಾ ಜಗಳಗಂಟರಲ್ಲ. ಎರಡೂ ಮನೆಗಳು ಅಂಗಡಿಗಳ ಹಿಂದೆಯೇ ಇದ್ದವು, ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆ. ಗಂಡ ಹೆಂಡತಿ ಈ ಬೀದಿಗೆ ಬಂದು ಜ್ಯೂಸ್ ಅಂಗಡಿ ಇಟ್ಟಾಗ ಕೂರಲು ಕುರ್ಚಿ ಕೊಟ್ಟವರು, ನಲ್ಲಿ ನೀರು ಬಿಟ್ಟುಕೊಟ್ಟವರು ದರ್ಜಿ ಮಾವನೇ. ಮಾವನ ಹೆಂಡತಿ ಹಿತ್ತಲಲ್ಲಿ ಕೋಳಿ ಸಾಕಿದ್ದರು. ಬೀದಿಗೆಲ್ಲ ಅವರು 'ಕೋಳಿ ಅತ್ತೆ'. ಅವರ ಕೈಯಿಂದ ಆಗಾಗ ಒಂದೆರಡು ಮೊಟ್ಟೆ ಗೋಡೆಯ ಈಚೆಗೂ ದಾಟುತ್ತಿದ್ದವು.

ಕೋಟಿನ ಗಲಾಟೆಯಾದ ಮೇಲೆ ಮೊಟ್ಟೆಯೂ ನಿಂತಿತು, ಮಾತೂ ನಿಂತಿತು. ಮಾವ ಕಟ್ಟಡದ ಮಾಲೀಕರಿಗೆ ದೂರು ಕೊಟ್ಟರು. ಮಾಲೀಕರು ಬಂದವರೇ ಮೂಗಿಗೆ ಕರವಸ್ತ್ರ ಹಿಡಿದು ಹಿತ್ತಲು ನೋಡಿದರು.

"ಮುಂದಿನ ತಿಂಗಳು ಮತ್ತೆ ಬರ್ತೀನಿ. ಆಗಲೂ ಹೀಗೇ ಇದ್ರೆ ಅಂಗಡಿ ಖಾಲಿ ಮಾಡಿ" ಎಂದು ಹೇಳಿ ಹೊರಟೇ ಹೋದರು.

ಆ ವಾರವೇ ನಾದಿನಿ ಬಂದಳು. ಜ್ಯೂಸ್ ಅಂಗಡಿಯವನ ತಂಗಿ. ಊರಾಚೆ ಮೀನು ಸಾಕುವ ಹೊಂಡಗಳಲ್ಲಿ ಅವಳಿಗೆ ಕೆಲಸ.

"ಯಾಕೆ ಅತ್ತಿಗೆ, ಮುಖ ಹಿಂಡಿದ ನಿಂಬೆಹಣ್ಣಿನ ಹಾಗಿದೆ?" ಎಂದು ಕೇಳಿದಳು.

ಅತ್ತಿಗೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗುಡ್ಡೆ ತೋರಿಸಿದಳು. ನಾದಿನಿ ಮೂಗು ಮುಚ್ಚಲಿಲ್ಲ. ಕಣ್ಣರಳಿಸಿದಳು.

"ಅಯ್ಯೋ, ಇಷ್ಟು ಊಟ ಹಾಳು ಮಾಡ್ತಿದ್ದೀರಾ?"

"ಯಾರ ಊಟ?" ಎಂದ, ಹಿಂದೆಯೇ ಬಂದಿದ್ದ ಅಣ್ಣ.

"ಹುಳುಗಳ ಊಟ. ಕಪ್ಪು ಸೈನಿಕ ನೊಣ ಅಂತ ಒಂದಿದೆ. ಅದರ ಮರಿ ಹುಳುಗಳಿಗೆ ಇಂಥಾದ್ದೇ ಬೇಕು. ನಮ್ಮ ಹೊಂಡದಲ್ಲಿ ಕೊಳೆತ ತರಕಾರಿ, ಕ್ಯಾಂಟೀನಲ್ಲಿ ಮಿಕ್ಕ ಊಟ ಎಲ್ಲಾ ಅವುಕ್ಕೇ ಹಾಕ್ತೀವಿ. ಅವು ತಿಂದು ದಪ್ಪ ಆಗ್ತವೆ, ನಾವು ಅವನ್ನ ಮೀನಿಗೆ ಹಾಕ್ತೀವಿ. ಕೋಳಿಗೂ ಹಾಕಬಹುದು. ಅವು ತಿಂದು ಬಿಟ್ಟಿದ್ದು ಗೊಬ್ಬರಕ್ಕೆ ಆಗುತ್ತೆ."

ಗೋಡೆಯಾಚೆ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದ ದರ್ಜಿ ಮಾವನಿಗೆ ತಡೆಯಲಾಗಲಿಲ್ಲ. ಮಾತು ಬಿಟ್ಟಿದ್ದನ್ನೂ ಮರೆತರು.

"ಕೇಳಿದ್ಯೇನೇ?" ಎಂದು ಹೆಂಡತಿಯನ್ನು ಕೂಗಿದರು. "ನೊಣ ಓಡಿಸೋಕೆ ನೊಣ ಸಾಕ್ತಾರಂತೆ! ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತು!"

ನಾದಿನಿ ಗೋಡೆಯ ಹತ್ತಿರ ಹೋದಳು. "ಮಾವಾ, ನಿಮ್ಮ ಕೋಟಿನ ಮೇಲೆ ಕೂತ ನೊಣವೇ ಬೇರೆ, ಇದೇ ಬೇರೆ. ಇದು ಕಪ್ಪಗೆ, ಉದ್ದಕ್ಕೆ, ಕಣಜದ ಹಾಗೆ ಕಾಣುತ್ತೆ. ಆದ್ರೆ ಕಚ್ಚಲ್ಲ, ಚುಚ್ಚಲ್ಲ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟದ ಯೋಚನೆಯೇ ಇಲ್ಲ. ಜೋಡಿ ಆಗುತ್ತೆ, ಮೊಟ್ಟೆ ಇಡುತ್ತೆ, ಸಾಯುತ್ತೆ. ನಿಮ್ಮ ತಟ್ಟೆ ಮೇಲೆ ಕೂರೋಕೆ ಬರಲ್ಲ. ಅಷ್ಟೇ ಅಲ್ಲ, ಈ ಹುಳುಗಳು ತುಂಬಿರೋ ಕಡೆ ಮನೆ ನೊಣ ಮೊಟ್ಟೆ ಇಡೋದೂ ಕಡಿಮೆ ಆಗುತ್ತೆ."

"ಹುಳ ತಿಂದ ಕೋಳಿ, ಆ ಕೋಳಿ ಇಟ್ಟ ಮೊಟ್ಟೆ... ಥೂ!" ಎಂದರು ಮಾವ.

ಕೋಳಿ ಅತ್ತೆಗೆ ನಗು ಬಂತು. "ನಮ್ಮ ಕೋಳಿ ಇಡೀ ದಿನ ಮಣ್ಣು ಕೆದರೋದು ಯಾತಕ್ಕೆ ಅಂದ್ಕೊಂಡಿದ್ದೀರಿ? ಕಳೆದುಹೋದ ಗುಂಡಿ ಹುಡುಕೋದಕ್ಕಾ?"

ಮರುದಿನ ನಾದಿನಿ ಹೊಂಡದಿಂದ ಒಂದು ಡಬ್ಬಿ ಎಳೆ ಹುಳು ತಂದಳು. ಅಕ್ಕಿ ಕಾಳಿಗಿಂತ ಸಣ್ಣವು. ಹಿತ್ತಲ ನೆರಳಲ್ಲಿ ಹಳೆಯ ಪ್ಲಾಸ್ಟಿಕ್ ಡ್ರಮ್ಮಿಟ್ಟು, ನೀರು ಇಳಿಯಲು ಅದರ ತಳದಲ್ಲಿ ತೂತು ಮಾಡಿ, ಎದುರಿನ ಬಡಗಿ ಅಂಗಡಿಯಿಂದ ಬಣ್ಣ ಬಳಿಯದ ಮರದ ಹೊಟ್ಟು ತಂದು ಹಾಸಿದಳು. ಅತ್ತಿಗೆಗೆ ಒಂದೊಂದನ್ನೇ ಹೇಳಿಕೊಟ್ಟಳು.

"ಸಿಪ್ಪೆ ನೀರು ಸೋಸಿ ಹಾಕಿ. ಹಿಂಡಿದ ಬಟ್ಟೆಯಷ್ಟು ಪಸೆ ಇದ್ರೆ ಸಾಕು. ತಿಂದು ಮುಗಿಸಿದ ಮೇಲೆ ಮತ್ತೆ ಹಾಕಿ. ಪ್ಲಾಸ್ಟಿಕ್ಕು, ರಬ್ಬರು, ಔಷಧಿ ಹೊಡೆದ ಸೊಪ್ಪು, ಬೂಷ್ಟು ಹಿಡಿದ ಕಾಳು ಬೇಡವೇ ಬೇಡ. ಕೆಲಸ ಆದ ಮೇಲೆ ಸೋಪು ಹಚ್ಚಿ ಕೈ ತೊಳ್ಕೊಳ್ಳಿ."

ಹೆಂಗಸು ಹಳೆ ಸೀರೆ ಹರಿದು, ಕೈಗೆ ಬಂದ ಹಾಗೆ ಹೊಲಿದು, ಡ್ರಮ್ಮಿಗೆ ಹೊದಿಕೆ ಮಾಡಿದಳು.

ಮೊದಲ ದಿನ ಅವಳಿಗೆ ಡ್ರಮ್ಮಿನ ಕಡೆ ನೋಡಲೂ ಅಸಹ್ಯ. ಆಮೇಲೆ ಕುತೂಹಲ. ಬೆಳಿಗ್ಗೆ ಹಾಕಿದ ಪಪ್ಪಾಯಿ ತಿರುಳು ಸಂಜೆಗೆ ಅರ್ಧ ಮಾಯ! ಕಿವಿ ಇಟ್ಟರೆ ಸಣ್ಣ ಮಳೆ ಬಿದ್ದಂತೆ ಚರಚರ ಸದ್ದು. ಗುಡ್ಡೆ ಇಳಿಯಿತು. ನಾತವೂ ಇಳಿಯಿತು. "ಏನ್ರೀ, ನಿಮಗಿಂತ ಚೆನ್ನಾಗಿ ಉಣ್ತವೆ, ಅಡುಗೆಗೆ ಹೆಸರಿಡೋದೂ ಇಲ್ಲ" ಎಂದು ಗಂಡನನ್ನು ರೇಗಿಸಿದಳು.

ಆದರೆ ಹೇಳಿದ ಮಾತು ಎಲ್ಲರ ಕಿವಿಗೂ ಒಂದೇ ಥರ ಬೀಳುವುದಿಲ್ಲವಲ್ಲ. ಸುಡುಬಿಸಿಲಿನ ಒಂದು ದಿನ ಕಲ್ಲಂಗಡಿ ಜ್ಯೂಸು ಕೈ ಬಿಡುವಿಲ್ಲದಷ್ಟು ಹೋಯಿತು. ಗಂಡ ಖುಷಿಯಲ್ಲಿ, 'ನಮಗೂ ವ್ಯಾಪಾರ ಆಯ್ತು, ಅವೂ ಹೊಟ್ಟೆ ತುಂಬ ತಿನ್ನಲಿ' ಎಂದುಕೊಂಡು ಎರಡು ಟಬ್ಬು ಕಲ್ಲಂಗಡಿ ತಿರುಳನ್ನು ನೀರು ಸಮೇತ ಒಟ್ಟಿಗೇ ಸುರಿದುಬಿಟ್ಟ. ತಳದ ತೂತುಗಳು ಕಟ್ಟಿಕೊಂಡವು. ಡ್ರಮ್ಮು ಕೆರೆಯಾಯಿತು.

ಹುಳುಗಳು ಗುಳೆ ಎದ್ದವು. ಡ್ರಮ್ಮಿನ ಗೋಡೆ ಹತ್ತಿ, ಹೊದಿಕೆಯ ಹೊಲಿಗೆ ಬಿಟ್ಟ ಕಡೆಯಿಂದ ನುಸುಳಿ, ಹಿತ್ತಲ ಗೋಡೆಯ ಬುಡದ ಬಿರುಕಿನಲ್ಲಿ ತೂರಿ ಸಾಲುಸಾಲಾಗಿ ಹೊರಟವು. ಎಲ್ಲಿಗೆ? ಒಣಗಿದ, ನೆರಳಾದ, ಬಟ್ಟೆ ತುಂಡು ಬಿದ್ದಿರುವ ಜಾಗಕ್ಕೆ. ನೇರ ದರ್ಜಿ ಅಂಗಡಿಗೆ!

ಅಲ್ಲಿ ಗಿರಾಕಿಯೊಬ್ಬರು ಎರಡೂ ತೋಳು ಅಗಲಿಸಿ ಅಳತೆ ಕೊಡುತ್ತ ನಿಂತಿದ್ದರು. ಕೆಳಗೆ ನೋಡಿದವರೇ ಕಿರುಚಿ ಕುರ್ಚಿ ಹತ್ತಿದರು. ಮಾವ ಅಳತೆ ಟೇಪು ಕೊರಳಲ್ಲಿ ನೇತಾಡಿಸಿಕೊಂಡು, ಕೈಯಲ್ಲಿ ಮರದ ಸ್ಕೇಲು ಹಿಡಿದು ಹಿತ್ತಲಿಗೆ ಓಡಿದರು.

"ಸೈನಿಕರಂತೆ ಸೈನಿಕರು! ನನ್ನ ಅಂಗಡಿ ಮೇಲೇ ದಂಡೆತ್ತಿ ಬಂದಿದ್ದಾರೆ!"

ಕೋಳಿ ಅತ್ತೆ ಗೂಡಿನ ಕಡೆ ಓಡಿ ಅದರ ಬಾಗಿಲು ತೆರೆದರು. ಕೋಳಿಗಳು ಕರೆಯದೇ ಬಂದ ನೆಂಟರ ಹಾಗೆ ಒಂದರ ಮೇಲೊಂದು ಬಿದ್ದು ಬಂದವು. ಹಿತ್ತಲಿಂದ ಅಂಗಡಿ, ಅಂಗಡಿಯಿಂದ ಹೊಲಿಗೆ ಮೆಷಿನ್ನಿನ ಕೆಳಗೆ. ಕೊಕ್ಕು ಮೇಲೆ ಹೋಗುವುದು, ಕೆಳಗೆ ಬರುವುದು, ಅಷ್ಟೇ. ಕುರ್ಚಿಯ ಮೇಲಿದ್ದ ಗಿರಾಕಿ ಭಯ ಮರೆತು, "ಅಗೋ, ಆ ಮೂಲೇಲಿ ಇನ್ನೊಂದು!" ಎಂದು ಕೋಳಿಗಳಿಗೆ ದಾರಿ ತೋರಿಸತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ನೆಲ ಗುಡಿಸಿದಷ್ಟು ಚೊಕ್ಕಟ.

ಮಾವನ ಸಿಟ್ಟು ಮಾತ್ರ ಇಳಿಯಲಿಲ್ಲ. "ಇವತ್ತೇ ಆ ಡ್ರಮ್ಮು ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ಈಗಲೇ ಮಾಲೀಕರಿಗೆ ಫೋನ್ ಮಾಡ್ತೀನಿ."

ಜ್ಯೂಸ್ ಅಂಗಡಿಯ ಹೆಂಗಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಂಡ ಅವಳ ಬೆನ್ನ ಹಿಂದೆ ಅವಿತಿದ್ದ. ಆದರೂ ಅವಳು ಧೈರ್ಯ ಮಾಡಿ ಗೋಡೆಯ ಹತ್ತಿರ ಬಂದಳು.

"ತಪ್ಪು ನಮ್ಮದೇ ಮಾವ. ಹುಳದ್ದಲ್ಲ. ಫೋನ್ ಮಾಡೋಕೆ ಮುಂಚೆ ಒಂದೇ ಒಂದ್ಸಲ ಇಲ್ಲಿ ನಿಂತು ಮೂಗಿಂದ ಉಸಿರು ಎಳೀರಿ. ಆಮೇಲೆ ನಿಮ್ಮಿಷ್ಟ."

ಮಾವ ಜೋರಾಗಿ ಉಸಿರೆಳೆದರು. ಬೈಯಲು ಬಾಯಿ ತೆರೆದರು. ಮತ್ತೊಮ್ಮೆ ಉಸಿರೆಳೆದರು. ಕಲ್ಲಂಗಡಿಯ ಘಮ ಬಿಟ್ಟರೆ ಬೇರೆ ವಾಸನೆಯಿಲ್ಲ. ಸುತ್ತ ನೋಡಿದರು. ಮುಖಕ್ಕೆ ಮುತ್ತುತ್ತಿದ್ದ ನೊಣಗಳೂ ಎಲ್ಲೋ ಒಂದೊಂದು.

ಆಗ ಅವರ ಕಣ್ಣು ಡ್ರಮ್ಮಿನ ಹೊದಿಕೆಯ ಮೇಲೆ ಬಿತ್ತು. ಬಗ್ಗಿ, ಅಂಚು ಹಿಡಿದು ನೋಡಿದರು. ಮುಖ ಕಿವುಚಿದರು.

"ಇದನ್ನ ಯಾರಮ್ಮ ಹೊಲಿದಿದ್ದು? ಇದು ಹೊಲಿಗೆಯಾ? ಇದರಲ್ಲಿ ಹುಳ ಏನು, ಎಮ್ಮೆ ಬೇಕಾದ್ರೂ ನುಗ್ಗುತ್ತೆ! ಕೊಡು ಇಲ್ಲಿ."

ಹೊದಿಕೆ ಕಿತ್ತುಕೊಂಡು ಒಳಗೆ ಹೋದರು. ಹೊಲಿಗೆ ಮೆಷಿನ್ನು ಕಟಕಟ ಓಡಿತು. ತಿರುಗಿ ಬಂದಾಗ ಕೈಯಲ್ಲಿ ಸುತ್ತ ಎಲಾಸ್ಟಿಕ್ ಹಾಕಿದ, ಉಸಿರಾಡಲು ಸಣ್ಣ ಬಲೆ ಕೂರಿಸಿದ ಹೊಸ ಹೊದಿಕೆ ಇತ್ತು. ಡ್ರಮ್ಮಿನ ಬಾಯಿಗೆ ಅದು ಅಳತೆ ಕೊಟ್ಟು ಹೊಲಿಸಿದ ಟೋಪಿಯ ಹಾಗೆ ಕೂತಿತು.

ವಾರಾಂತ್ಯಕ್ಕೆ ನಾದಿನಿ ಬಂದು ನಡೆದದ್ದೆಲ್ಲ ಕೇಳಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅಣ್ಣಾ, ಮನೆಯೊಳಗೆ ಸೊಂಟದ ಮಟ್ಟ ನೀರು ನುಗ್ಗಿದ್ರೆ ನೀನು ಒಳಗೇ ಕೂತಿರ್ತೀಯಾ? ಅವೂ ಅಷ್ಟೇ, ಹೊರಗೆ ಬಂದ್ವು."

ಡ್ರಮ್ಮಿಗೆ ಒಣ ಹೊಟ್ಟು ಬೆರೆಸಿ ಸರಿಮಾಡಿದಳು. ಕೆಲವು ಹುಳುಗಳು ಬಲಿತು ಕಪ್ಪಗಾಗಿದ್ದವು. ಅವನ್ನು ಬೇರೆ ಇಟ್ಟರೆ ರೆಕ್ಕೆ ಬರುತ್ತದೆ, ಅವು ಮೊಟ್ಟೆ ಇಟ್ಟರೆ ಮುಂದಿನ ಸಂಸಾರಕ್ಕೆ ಹೊಂಡದಿಂದ ತರುವುದೇ ಬೇಡ ಎಂದಳು. ಅದಕ್ಕೆ ಬಿಸಿಲು ಬೀಳುವ ಕಡೆ ಬಲೆಯ ಗುಡಾರ ಬೇಕಿತ್ತು. ಎಲ್ಲರೂ ದರ್ಜಿ ಮಾವನ ಮುಖ ನೋಡಿದರು.

"ಎಷ್ಟು ಉದ್ದ, ಎಷ್ಟು ಅಗಲ ಹೇಳಿ" ಎಂದು ಮಾವ ಕೊರಳಿನ ಟೇಪು ತೆಗೆದರು.

ಅನಾನಸಿನ ಜುಟ್ಟು, ಕಬ್ಬಿನ ಸಿಪ್ಪೆಯಂಥ ಗಟ್ಟಿ ಕಸ ಹುಳುಗಳಿಗೆ ಬೇಗ ಕರಗುವಂಥದ್ದಲ್ಲ. ಅದನ್ನು ಚೂರು ಮಾಡಿ, ಒಣಗಿದ ಎಲೆ ಸೇರಿಸಿ, ಇನ್ನೊಂದು ಡ್ರಮ್ಮಿಗೆ ತುಂಬಿಸಿದಳು. ಹುಳುಗಳು ತಿಂದು ಬಿಟ್ಟದ್ದನ್ನೂ ಅದಕ್ಕೇ ಹಾಕಿಸಿದಳು. ಮೇಲೆ ಹಳೆಯ ಗೊಬ್ಬರ ಒಂದು ಹಿಡಿ ಉದುರಿಸಿದಳು.

"ಇದ್ಯಾಕೆ?" ಎಂದರು ಕೋಳಿ ಅತ್ತೆ.

"ಹಾಲಿಗೆ ಹೆಪ್ಪು ಹಾಕಲ್ವಾ ಅತ್ತೆ, ಹಾಗೆ. ಈ ಹಿಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೆಕ್ಕ ಇಲ್ಲದಷ್ಟಿವೆ. ಗಟ್ಟಿ ಕಸ ಕೊಳೆಸಿ ಗೊಬ್ಬರ ಮಾಡೋದು ಅವುಗಳ ಕೆಲಸ. ಆಗಾಗ ಮಗುಚಿ ಗಾಳಿ ಆಡಿಸಿ. ಮಣ್ಣಿನ ವಾಸನೆ ಬಂದು, ಪುಡಿಪುಡಿ ಆದ ಮೇಲೆ ಗಿಡಕ್ಕೆ ಹಾಕಿ, ಅವಸರ ಬೇಡ. ದಪ್ಪ ಆದ ಹುಳ ಕೋಳಿಗೆ ಹಾಕಿ, ಆದ್ರೆ ಹುಳ ಇದೆ ಅಂತ ಕಾಳು ನಿಲ್ಲಿಸಬೇಡಿ ಮತ್ತೆ. ಎರಡೂ ಇರಲಿ."

ಮಾಲೀಕರು ಹೇಳಿದ ಹಾಗೆಯೇ ಬಂದರು. ಹಿತ್ತಲ ಬಾಗಿಲಲ್ಲೇ ಕರವಸ್ತ್ರ ತೆಗೆದು ಮೂಗಿನವರೆಗೂ ಒಯ್ದರು. ಅಲ್ಲೇ ನಿಲ್ಲಿಸಿದರು. ಗುಡ್ಡೆಯಿದ್ದ ಜಾಗ ಖಾಲಿ. ಎರಡು ಡ್ರಮ್ಮು, ಒಂದು ಬಲೆಯ ಗುಡಾರ, ಗೋಡೆಯ ಮೇಲೆ ಮೆಣಸಿನ ಸಸಿಯ ಕುಂಡಗಳು. ಡ್ರಮ್ಮಿನೊಳಗೆ ಇಣುಕಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ರೀ ಇದು? ಹುಳ!" ಎಂದು ದರ್ಜಿ ಮಾವನ ಕಡೆ ತಿರುಗಿದರು. "ದೂರು ಕೊಟ್ಟವರು ನೀವೇ. ಈಗ ನೀವೇ ಹೇಳಿ, ಇವರನ್ನ ಖಾಲಿ ಮಾಡಿಸಲಾ?"

ಹೆಂಗಸು ಮಾವನ ಕಡೆ ತಿರುಗಿದಳು.

"ಖಾಲಿ ಮಾಡಿಸೋದಾ?" ಮಾವ ಸಿಡುಕಿದರು. "ಇವರು ಹೋದ್ರೆ ನಮ್ಮ ಕೋಳಿಗೆ ಬಡಿಸೋರು ಯಾರು? ಹತ್ತಿರ ಬನ್ನಿ, ಹೆದರಬೇಡಿ. ಇದು ಮನೆ ನೊಣ ಅಲ್ಲ ಸ್ವಾಮೀ. ಕಚ್ಚಲ್ಲ, ಚುಚ್ಚಲ್ಲ, ತಟ್ಟೆ ಮೇಲೆ ಕೂರಲ್ಲ..." ಎಂದು ಮಾಲೀಕರ ಕೈ ಹಿಡಿದು ಬಲೆಯ ಗುಡಾರದ ಕಡೆ ಕರೆದೊಯ್ದರು. ವಿವರಣೆ ಬೇಗ ಮುಗಿಯುವಂತೆ ಕಾಣಲಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಜ್ಯೂಸ್ ಮಾಡಲು ಒಳಗೆ ಹೋದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಡುಗೆಮನೆಯ ಸಿಪ್ಪೆ, ಹೋಟೆಲಿನ ಮಿಕ್ಕ ಊಟ, ಹೊಲದ ಸೊಪ್ಪುಸದೆ ಈಗ ಎಲ್ಲಿಗೆ ಹೋಗುತ್ತಿದೆ? ಚರಂಡಿಗೋ, ಬೆಂಕಿಗೋ? ಅದನ್ನು ತಿನ್ನಲು ಹುಳುಗಳಿವೆ, ಕೊಳೆಸಲು ಕಣ್ಣಿಗೆ ಕಾಣದ ಜೀವಿಗಳಿವೆ. ದುಡಿಯಲು ಅವು ಸಿದ್ಧ. ಜಾಗ ಕೊಡಬೇಕಾದವರು ನಾವು. ನಿಮ್ಮ ಸಂಘದಲ್ಲಿ ಈ ಮಾತು ಎತ್ತಿ. ಕೃಷಿ ಕಚೇರಿಯಲ್ಲೋ ಪಶು ಆಸ್ಪತ್ರೆಯಲ್ಲೋ ಕೇಳಿ ತಿಳಿದುಕೊಳ್ಳಿ. ಒಂದು ಸಣ್ಣ ಡ್ರಮ್ಮಿನಿಂದ ಶುರು ಮಾಡಿ. ನಾಳೆ ಬೆಳಿಗ್ಗೆ ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಬೀದಿಯ ತುದಿಗೆ ಹೊರಟಾಗ ಒಂದು ಗಳಿಗೆ ನಿಲ್ಲಿ, ಬುಟ್ಟಿಯನ್ನು ಹಿತ್ತಲ ಕಡೆಗೆ ತಿರುಗಿಸಿ.