ಬೆನ್ನು ಬಿಡದ ನೆಗೆಣ್ಣಿಯರು

ಕಾಗಿನೆಲೆಯ ಸುಶೀಲವ್ವ, ದ್ರಾಕ್ಷಾಯಿಣಿ ನೆಗೆಣ್ಣಿಯರು. ಗಂಡಂದಿರಾದ ಅಣ್ಣ ತಮ್ಮಂದಿರ ಮನೆಗೆ ನಡುಗೋಡೆ ಎದ್ದ ಮೇಲೂ ಬಚ್ಚಲ ನೀರು ಒಂದೇ ಗಟಾರಕ್ಕೆ ಹರಿಯುತ್ತಿತ್ತು. ಇವರಿಬ್ಬರಿಗೆ ಮಾತ್ರ ಮಾತಿರಲಿಲ್ಲ. ಗಂಡಂದಿರ ಅಕ್ಕನ ಮಗಳು ಅಂಜಲಿ ರಾಣೆಬೆನ್ನೂರಿನಲ್ಲಿ ನೃತ್ಯ ಕಲಿಸುವವಳು. ಹಾಡಿಲ್ಲದ, ಕಥೆಯಿಲ್ಲದ, ಬರೀ ಮನುಷ್ಯ ಸಂಬಂಧಗಳ ಮೇಲೊಂದು ನೃತ್ಯಚಿತ್ರ ಮಾಡುವ ಹುಚ್ಚು ಅವಳಿಗೆ ಹತ್ತಿತು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳದೆ ಇಬ್ಬರನ್ನೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕರೆಸಿದಳು.

“ನಮಗೆಲ್ಲಿ ಕುಣಿಯಾಕ ಬರತೈತವಾ?” ಎಂದಳು ಸುಶೀಲವ್ವ, ನೆಗೆಣ್ಣಿಯ ಕಡೆ ನೋಡದೆ.

“ಕುಣಿಯೂದು ಬ್ಯಾಡ ಅತ್ತಿ. ಬೆನ್ನಿಗೆ ಬೆನ್ನ ಹಚ್ಚಿ, ಒಬ್ಬರ ಮ್ಯಾಲೊಬ್ಬರು ಭಾರ ಬಿಟ್ಟು ನಿಂದರ್ರಿ, ಸಾಕು.”

ಕೆಂಪು ರಾಶಿಗಳ ನಡುವೆ ಇಬ್ಬರೂ ನಿಂತರು. ಅಂಜಲಿ ಸೀನುತ್ತ ಸೀನುತ್ತ ಕ್ಯಾಮೆರಾ ತಿರುಗಿಸಿ, “ಛಲೋ ಬಂತು. ಇನ್ನ ಬಿಡ್ರಿ” ಎಂದಳು.

ಯಾರೂ ಬಿಡಲಿಲ್ಲ.

“ನಾ ಮೊದಲ ಸರದ್ರ ಆಕಿ ಬೀಳತಾಳ. ನಾನ ಕೆಡವಿದೆ ಅಂತಾರ ಮಂದಿ” ಎಂದಳು ಸುಶೀಲವ್ವ.

“ಆ ಮಾತು ನನಗೂ ಬರಬಾರದಲಾ” ಎಂದಳು ದ್ರಾಕ್ಷಾಯಿಣಿ.

ಅಂಜಲಿ ಕೈಮುಗಿದಳು. ಹಮಾಲರು ಬಂದು ನಡುವೆ ಚೀಲ ತುರುಕಲು ನೋಡಿದರು, ಸಂದಿಯೇ ಸಿಗಲಿಲ್ಲ. ಕೊನೆಗೆ ಇಬ್ಬರೂ ಏಡಿಯ ಹಾಗೆ ಅಡ್ಡಡ್ಡ ನಡೆದು ಕಾಗಿನೆಲೆ ಬಸ್ಸು ಹತ್ತಿದರು.

ಕಂಡಕ್ಟರ್ ತಲೆ ಕೆರೆದುಕೊಂಡ. “ಇವರಿಗೆ ಒಂದು ಟಿಕೆಟ್ ಹರೀಲೋ, ಎರಡೋ?”

“ಮಾರಿ ಎರಡು ಅದಾವಲ್ರೀ” ಎಂದ ಹಿಂದಿನ ಸೀಟಿನವನು.

ಒಬ್ಬಳು ಕಿಟಕಿಗೆ, ಇನ್ನೊಬ್ಬಳು ಬಸ್ಸಿನ ನಡುದಾರಿಗೆ ಮುಖ ಮಾಡಿ ಕುಳಿತರು. ಬಸ್ಸು ಊರು ದಾಟಿದ ಮೇಲೆ ದ್ರಾಕ್ಷಾಯಿಣಿ ಮೆಲ್ಲಗೆ ಕೇಳಿದಳು:

“ನನ್ನ ಕೂಸು ಹೋದಾಗ ನೀ ಯಾಕ ನೋಡಾಕ ಬರಲಿಲ್ಲ?”

ಸುಶೀಲವ್ವನ ಬೆನ್ನು ಬಿಗಿಯಾಯಿತು. “ಬಂದಿದ್ದೆ. ಹಾವೇರಿ ದವಾಖಾನಿ ಬಾಗಲತನ ಬಂದಿದ್ದೆ. ಆಗ ನನಗ ತುಂಬಿದ ದಿನ. ಹೊಟ್ಟಿ ಮುಂದ ಮಾಡ್ಕೊಂಡು ನಿನ್ನ ಮುಂದ ಹ್ಯಾಂಗ ನಿಂದರಲಿ? ಹೊಳ್ಳಿ ಬಂದೆ.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನಿನ್ನ ಮಾರಿ ನೋಡಿದ್ರ ಬಾಯಿ ಬರತಿರಲಿಲ್ಲ.”

ದ್ರಾಕ್ಷಾಯಿಣಿ ಅತ್ತಳು. ಆ ಅಲುಗಾಟ ಬೆನ್ನಿನಿಂದ ಬೆನ್ನಿಗೆ ದಾಟಿ, ಸುಶೀಲವ್ವನ ಬಳೆಗಳೂ ಗಲಗಲ ಎಂದವು.

ಊರಿನಲ್ಲಿ ಸುಶೀಲವ್ವನ ಗಂಡ ಅಂದಾನೆಪ್ಪ ಕಟ್ಟೆಯಿಂದಲೇ ನೋಡಿ, “ಅಂಟು ಗಿಂಟು ಹತ್ತೇತೇನು?” ಎಂದ. ಇಬ್ಬರೂ ದ್ರಾಕ್ಷಾಯಿಣಿಯ ಬಾಗಿಲ ಕಡೆ ಸರಿದರು. ಕೀಲಿ ತೆಗೆಯುವ ಭರದಲ್ಲಿ ದ್ರಾಕ್ಷಾಯಿಣಿ ಮರೆತು ತಿರುಗಿಯೇಬಿಟ್ಟಳು.

ಸುಶೀಲವ್ವ ಬೀಳಲಿಲ್ಲ. ಹಿಂದೆ ಏನೂ ಇಲ್ಲದ ಗಾಳಿಗೆ ಒರಗಿ, ಓರೆಯಾಗಿ ನಿಂತೇ ಇದ್ದಳು.

“ಯಕ್ಕಾ, ಬೀಳತಿ!”

“ತಡಿ. ಬೆನ್ನಿಗೆ ಹಿತ ಅನಸಾಕತ್ತೈತಿ.”

ದ್ರಾಕ್ಷಾಯಿಣಿ ತಂಬಿಗೆಯಲ್ಲಿ ನೀರು ತಂದು ಹಿಡಿದಳು. ಸುಶೀಲವ್ವ ಓರೆಯಾಗಿಯೇ ಕುಡಿದಳು, ಒಂದು ಹನಿಯೂ ಸೆರಗಿಗೆ ಚೆಲ್ಲಲಿಲ್ಲ. ಆಮೇಲೆ ನಿಧಾನಕ್ಕೆ ನೆಟ್ಟಗಾಗಿ ನೆಗೆಣ್ಣಿಯ ಮುಖ ನೋಡಿದಳು.

“ಎಷ್ಟು ಸೊರಗೀದಿ ದ್ರಾಕ್ಷಾ.”

“ಒಳಗ ಬಾ” ಎಂದಳು ದ್ರಾಕ್ಷಾಯಿಣಿ. “ಹಿಟ್ಟು ನಾದತೇನಿ, ರೊಟ್ಟಿ ನೀ ಬಡಿ.”